ಪಟೇಲನಿಗೆ ಉಬ್ಬಸ ಬಂದ ಆಷಾಢ

ಗೋಸುಂಬೆಗೆ ನಮ್ಮ ಹಾಗೆ ಜ್ವರ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಬರುತ್ತಿದ್ದ ಫೋನುಗಳಲ್ಲಿ ಅರ್ಧದಷ್ಟು "ಡಾಕ್ಟ್ರೇ, ಮುಟ್ಟಿದ್ರೆ ಮೈ ತಣ್ಣಗಿದೆ" ಎಂದೋ "ಮೈ ಸುಡ್ತಾ ಇದೆ" ಎಂದೋ ಶುರುವಾಗುತ್ತಿದ್ದವು. ಅದು ಬಿಸಿಲಿನಲ್ಲಿ ಕೂತರೆ ಬಿಸಿಯಾಗುತ್ತದೆ, ನೆರಳಿಗೆ ಬಂದರೆ ತಣ್ಣಗಾಗುತ್ತದೆ. ಮನೆಯ ಗೋಡೆಯೂ ಹಾಗೆಯೇ. ಗೋಡೆಗೆ ಜ್ವರ ಬಂತೆಂದು ಯಾರೂ ನನಗೆ ಫೋನ್ ಮಾಡಲಿಲ್ಲ.

ಈಗಷ್ಟೇ ಪಶುವೈದ್ಯ ಓದು ಮುಗಿಸಿ, ದನ ಎಮ್ಮೆಗಳ ಜೊತೆಗೆ ಇಂಥ ವಿಚಿತ್ರ ಪ್ರಾಣಿಗಳನ್ನೂ ನೋಡಬೇಕಾಗಿ ಬಂದಿರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸರ್ಕಾರಿ ಕೆಲಸದಲ್ಲಿ ನಾನು ಯಾವಾಗ ಯಾವ ಮೆಟ್ಟಿಲು ಹತ್ತಿದೆ ಎನ್ನುವುದು ಪಿಂಚಣಿ ಕಚೇರಿಗೆ ಬೇಕಾದ ಸಂಗತಿ, ನಿಮಗಲ್ಲ. ನಿಮಗೆ ಬೇಕಾದದ್ದು ಕಾಲೇಜಿನಲ್ಲಿ ಹೇಳಿಕೊಡದೆ ಬಿಟ್ಟದ್ದು.

ನಮ್ಮದು ಕೊಯಮತ್ತೂರಿನ ಹತ್ತಿರ, ಸೂಲೂರಿನ ಪಕ್ಕದ ಒಕ್ಕಲು ಮನೆ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಅಪ್ಪನಿಗೆ ಕನ್ನಡದ ಅಕ್ಷರ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಕರ್ನಾಟಕದ ಕಾಲೇಜಿಗೆ ಹೋದಾಗ ಹಾಸ್ಟೆಲಿನ ಹುಡುಗಿಯರು ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. ನಗುವುದಾದರೆ ನಗಲಿ ಎಂದು ಹಟಕ್ಕೆ ಕೂತು ಅವರಿಗಿಂತ ಚೆನ್ನಾಗಿ ಬರೆಯುವುದನ್ನು ಕಲಿತೆ. ಆ ಹಟದ ಫಲವೇ ಈ ಬರಹ.

ನನ್ನ ಮೊದಲ ಮೇಲಧಿಕಾರಿ ದೊರೈಸಾಮಿ ಡಾಕ್ಟರು. ಬಾಯಿ ತುಂಬ ವೀಳ್ಯ, ಮಾತು ಕಡಿಮೆ. ಅವರು ನನಗೆ ಕಲಿಸಿದ್ದು ಒಂದೇ ಪಾಠ: ಮೊದಲು ಕೊಟ್ಟಿಗೆ ನೋಡು, ಆಮೇಲೆ ದನ ನೋಡು. ಪಲ್ಲಡದ ದಾರಿಯಲ್ಲಿ ಒಂದು ತೋಟ. ಚೆನ್ನಾಗಿ ಹಾಲು ಕೊಡುತ್ತಿದ್ದ ಹಸು ಇದ್ದಕ್ಕಿದ್ದಂತೆ ಸೊರ ಬಿಡುವುದನ್ನು ನಿಲ್ಲಿಸಿತ್ತು. ನಾನು ಕೆಚ್ಚಲು ಹಿಸುಕಿ, ನಾಲಿಗೆ ನೋಡಿ, ಥರ್ಮಾಮೀಟರ್ ಇಟ್ಟು, ಸಿರಿಂಜು ತುಂಬಿಕೊಂಡು ನಿಂತಿದ್ದೆ. ಅವರು ಹಸುವನ್ನು ಮುಟ್ಟಲೂ ಇಲ್ಲ. ಕೊಟ್ಟಿಗೆಯನ್ನು ಒಂದು ಸುತ್ತು ಹಾಕಿ ಬಂದು ಗೋಡೆಗೆ ಕಿವಿಯಿಟ್ಟರು. ಗೋಡೆಯ ಆಚೆಗೆ ಯಾರೋ ಹೊಸದಾಗಿ ಮಗ್ಗ ಹಾಕಿದ್ದರು. ಹಗಲೆಲ್ಲ ಟಕಟಕ, ಟಕಟಕ. ಹಸುವನ್ನು ಕೊಟ್ಟಿಗೆಯ ಆ ತುದಿಗೆ ಕಟ್ಟಿ ಎಂದು ಹೇಳಿ ಜೀಪು ಹತ್ತಿದರು. ಹಸು ಹಾಲು ಕೊಟ್ಟಿತು. ತುಂಬಿದ ಸಿರಿಂಜನ್ನು ಏನು ಮಾಡಬೇಕೆಂದು ಗೊತ್ತಾಗದೆ ನಾನು ದಾರಿಯುದ್ದಕ್ಕೂ ಕೈಯಲ್ಲಿ ಹಿಡಿದು ಕೂತಿದ್ದೆ.

ನನ್ನ ಜೀವನದ ಮೊದಲ ಗೋಸುಂಬೆಯನ್ನೂ ನಾನು ಅವರ ಆಸ್ಪತ್ರೆಯಲ್ಲಿಯೇ ನೋಡಿದ್ದು. ಬೇವಿನ ಕೊಂಬೆ ಕಡಿದಾಗ ಕೆಳಗೆ ಬಿತ್ತೆಂದು ಒಬ್ಬ ರೈತ ಅದನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದ. ಮುಚ್ಚಳ ತೆಗೆದದ್ದೇ ತಡ, ನಮ್ಮ ಕಾಂಪೌಂಡರು ಬೆಂಚಿನ ಮೇಲೆ ಹತ್ತಿ ನಿಂತ. ಅದು ನೋಡಿದರೆ ವಿಷ, ಉಸಿರು ಬಿಟ್ಟರೆ ವಿಷ, ಕಚ್ಚಿದರೆ ಬಿಡುವುದೇ ಇಲ್ಲ ಎಂದು ಅವನ ಪುರಾಣ. ಅದಕ್ಕೆ ವಿಷವೇ ಇಲ್ಲ. ಮುರಿದ ಕಾಲಿಗೆ ಬೆಂಕಿಕಡ್ಡಿ ಇಟ್ಟು ಪಟ್ಟಿ ಸುತ್ತಿ ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು. ನೀವೂ ಹಾಗೆಯೇ ಮಾಡಬೇಕು. ನಮ್ಮ ನೆಲದ ಗೋಸುಂಬೆಯನ್ನು ಮನೆಯಲ್ಲಿ ಸಾಕುವಂತಿಲ್ಲ, ಅದು ಕಾನೂನು. ಈಗ ಜನ ಕಾಗದಪತ್ರ ಮಾಡಿಸಿ ಸಾಕುವುದು ಹೊರದೇಶದ ತಳಿಯವನ್ನು. ಯಾರಾದರೂ ತಂದರೆ ಮೊದಲು ಕಾಗದ ಕೇಳಿ, ಆಮೇಲೆ ಕೈಗವಸು ಹಾಕಿ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಸೂಲೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಚಿಕಿತ್ಸಾಲಯ ಇಟ್ಟೆ. ನಾಯಿ ಬೆಕ್ಕು ನೋಡುವವರು ಬೇಕಾದಷ್ಟಿದ್ದರು. ಹಾವು ಹಲ್ಲಿಯ ಜಾತಿಯವನ್ನು ನೋಡುವವರು ಇರಲಿಲ್ಲ, ಹಾಗಾಗಿ ಅವೆಲ್ಲ ನನ್ನ ತಲೆಯ ಮೇಲೇ ಬಿದ್ದವು. ನಮ್ಮ ಕಾಲದ ಪಠ್ಯದಲ್ಲಿ ಹಲ್ಲಿ ಎಂಬ ಶಬ್ದವೇ ಇರಲಿಲ್ಲ. ಅರವತ್ತು ದಾಟಿದ ಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ತಕ್ಕಡಿಯೊಂದನ್ನು ತಂದೆ. ಎಮ್ಮೆಯ ತೂಕವನ್ನು ಕಣ್ಣಳತೆಯಲ್ಲಿ ಹೇಳುತ್ತಿದ್ದವಳು ಗೋಸುಂಬೆಯನ್ನು ಗ್ರಾಮು ಲೆಕ್ಕದಲ್ಲಿ ತೂಗಲು ಕಲಿತೆ. ಅದರ ತೂಕ ಇಳಿದರೆ ಮಾಲೀಕರ ಬಾಯಿಗಿಂತ ಮುಂಚೆ ತಕ್ಕಡಿ ಹೇಳುತ್ತದೆ.

ಆಗ ಬಂದ ಒಬ್ಬ ಹುಡುಗನ ಸಂಗತಿ ಹೇಳಬೇಕು. ಹುಬ್ಬಳ್ಳಿಯ ಕಡೆಯವನು, ಕೊಯಮತ್ತೂರಿನ ಒಂದು ಪಂಪು ಕಾರ್ಖಾನೆಯಲ್ಲಿ ಎಂಜಿನಿಯರು. ಅವನ ಗೋಸುಂಬೆ ದಿನವಿಡೀ ಕಪ್ಪಗೆ, ಮೈ ಉಬ್ಬಿಸಿಕೊಂಡು, ಬಾಯಿ ತೆರೆದು ನಿಂತಿರುತ್ತಿತ್ತು. ಅವನು ಉಕ್ಕಡದ ಪೇಟೆಯಲ್ಲಿ ಮೀನಿಗಾಗಿ ಮಾರುವ ದೊಡ್ಡ ಗಾಜಿನ ತೊಟ್ಟಿ ತಂದು, ಅದರೊಳಗೆ ಬಟ್ಟಲಿನಲ್ಲಿ ನೀರಿಟ್ಟು, ರಾಜಮರ್ಯಾದೆಯಲ್ಲಿ ಇಟ್ಟಿದ್ದ. ಗಾಜಿನಲ್ಲಿ ಅದಕ್ಕೆ ಕಾಣುತ್ತಿದ್ದದ್ದು ಅದರದೇ ಪ್ರತಿಬಿಂಬ. ತನ್ನ ಜಾಗಕ್ಕೆ ಇನ್ನೊಬ್ಬ ಬಂದು ಕೂತಿದ್ದಾನೆಂದು ಬೆಳಗಿನಿಂದ ಸಂಜೆಯ ತನಕ ಜಗಳಕ್ಕೆ ನಿಂತಿತ್ತು. ಇನ್ನು ಬಟ್ಟಲಿನ ನೀರು ಅದಕ್ಕೆ ನೀರೆಂದೇ ಗೊತ್ತಿಲ್ಲ. ಅದು ಕುಡಿಯುವುದು ಎಲೆಯ ಮೇಲೆ ಬಿದ್ದ ಹನಿಯನ್ನು ಮಾತ್ರ. ಕಣ್ಣು ಗುಳಿ ಬಿದ್ದಿತ್ತು.

"ಆಂಟಿ, ನೀರು ದಿನಾ ಬದಲಸ್ತೀನ್ರೀ" ಎಂದ.

"ನೀರು ಬದಲಿಸಿ ಏನು ಬಂತಪ್ಪ, ಮನೆ ಬದಲಿಸು" ಎಂದೆ.

ನಾಲ್ಕೂ ಕಡೆ ಗಾಳಿಯಾಡುವ ಬಲೆಯ ಗೂಡು, ಒಳಗೆ ಜೀವಂತ ದಾಸವಾಳದ ಗಿಡ, ಮೇಲಿನಿಂದ ನೀರಿನ ತುಂತುರು, ಬೆಳಗಿನ ಎಳೆಬಿಸಿಲು, ತಿನ್ನುವ ಹುಳುಗಳಿಗೆ ಸವರಿದ ಕ್ಯಾಲ್ಸಿಯಂ ಪುಡಿ. ಇಷ್ಟೇ. ಔಷಧಿಯ ಒಂದು ಹನಿಯೂ ಬೇಕಾಗಲಿಲ್ಲ. ದೊರೈಸಾಮಿ ಡಾಕ್ಟರ ಕೊಟ್ಟಿಗೆಯ ಪಾಠ ಗೋಸುಂಬೆಗೂ ಹೊಂದುತ್ತದೆ ಎಂದು ಅಂದೇ ಗಟ್ಟಿಯಾಯಿತು. ಆದರೆ ಆ ಪಾಠ ನನಗೆ ಪೂರ್ತಿ ಅರ್ಥವಾದದ್ದು ಪಟೇಲನ ಪ್ರಕರಣದಲ್ಲಿ.

ಪಟೇಲ ಯೆಮೆನ್ ದೇಶದ ತಳಿಯ ಗಂಡು ಗೋಸುಂಬೆ. ಆ ತಳಿಗೆ ತಲೆಯ ಮೇಲೆ ಎತ್ತರದ ಜುಟ್ಟಿನಂಥ ಮೂಳೆ ಇರುತ್ತದೆ. ಪೇಟ ಸುತ್ತಿದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ನಡಿಗೆಯೂ ಹಾಗೆಯೇ, ಒಂದು ಹೆಜ್ಜೆ ಇಡಬೇಕಾದರೆ ನಾಲ್ಕು ಸಲ ಯೋಚಿಸುವವನು. ಅವನನ್ನು ಸಾಕಿದವಳು ಸೌಮ್ಯ, ತುಮಕೂರಿನ ಕಡೆಯ ಹುಡುಗಿ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಅವಳ ಕೆಲಸ ಬಣ್ಣ ಹೊಂದಿಸುವುದು. ಹೊರದೇಶದವರು ಒಂದು ತುಂಡು ಬಟ್ಟೆ ಕಳಿಸಿದರೆ, ಅದೇ ಬಣ್ಣ ಇಲ್ಲಿಯ ನೂಲಿಗೂ ಬಂತೋ ಇಲ್ಲವೋ ಎಂದು ಕಣ್ಣಲ್ಲೇ ಹೇಳಬೇಕು. ಅಲ್ಲೇ ಪರಿಚಯವಾದ ನೂಲಿನ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ವೆಳ್ಳಕೋಯಿಲ್‌ನ ಮನೆಗೆ ಸೊಸೆಯಾಗಿ ಬಂದಿದ್ದಳು. ಅವರದೂ ನಮ್ಮ ಹಾಗೆ ತಲೆತಲಾಂತರದಿಂದ ಇಲ್ಲೇ ಇರುವ ಕನ್ನಡದ ಮನೆ. ಪಟೇಲ ಮದುವೆಗೂ ಮುಂಚಿನಿಂದ ಅವಳ ಜೊತೆಗಿದ್ದವನು, ಅವಳ ಜೊತೆಗೇ ಹೊಸ್ತಿಲು ದಾಟಿದವನು.

ಆಷಾಢ ಬಂತೆಂದರೆ ನಮ್ಮ ಸೀಮೆಯಲ್ಲಿ ಪಾಲಕ್ಕಾಡಿನ ಕಡೆಯಿಂದ ಗಾಳಿ ನುಗ್ಗುತ್ತದೆ, ಇಲ್ಲಿಯವರ ಬಾಯಲ್ಲಿ ಅದು ಆಡಿ ಗಾಳಿ. ಒಣಗಲು ಹಾಕಿದ ಸೀರೆ ಪಕ್ಕದ ತೋಟದ ತೆಂಗಿನ ಮೇಲೆ ಸಿಗುತ್ತದೆ. ಆ ಗಾಳಿ ಶುರುವಾದ ಮೇಲೆಯೇ ಸೌಮ್ಯ ಪಟೇಲನನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದದ್ದು.

"ಮೇಡಂ, ಇವನ ಹಸಿರಲ್ಲಿ ಬೂದಿ ಸೇರ್ಕೊಂಡಿದೆ" ಎಂದಳು.

ನನಗೆ ಬಣ್ಣದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಆದರೆ ಬಣ್ಣವನ್ನೇ ತಿಂದು ಬದುಕುವವಳು ಹೇಳುತ್ತಿದ್ದಾಳೆ, ತಳ್ಳಿಹಾಕುವ ಹಾಗಿರಲಿಲ್ಲ. ಕಿವಿ ಹತ್ತಿರ ಇಟ್ಟು ಕೇಳಿದೆ. ಹಾಲು ಉಕ್ಕುವ ಮುಂಚೆ ಗುಳ್ಳೆ ಒಡೆಯುತ್ತದಲ್ಲ, ಅಂಥ ಸದ್ದು ಎದೆಯೊಳಗೆ. ಗದ್ದ ಮೇಲೆತ್ತಿ ಬಾಯಿ ಸ್ವಲ್ಪ ತೆರೆದು ಉಸಿರಾಡುತ್ತಿದ್ದ. ಉಬ್ಬಸ. ಗೋಸುಂಬೆಗೆ ಇದು ಬಂದರೆ ಹಗುರವಾಗಿ ನೋಡಬೇಡಿ. ಕೆಮ್ಮಿ ಕಫ ಹೊರಗೆ ಹಾಕುವ ಶಕ್ತಿ ಅದಕ್ಕಿಲ್ಲ, ಒಳಗೇ ಗಟ್ಟಿಯಾಗುತ್ತದೆ.

ಇಂಜೆಕ್ಷನ್ ಕೊಟ್ಟೆ. ಗಾಳಿಗೆ ಹೀಗಾಗಿದೆ, ಗೂಡಿನ ಮೂರು ಕಡೆಗೂ ತಲೆಯ ಮೇಲೂ ಪ್ಲಾಸ್ಟಿಕ್ ಹಾಳೆ ಕಟ್ಟು, ಮುಂದೆ ಮಾತ್ರ ತೆರೆದಿರಲಿ ಎಂದೆ. ಅವಳು ಅಚ್ಚುಕಟ್ಟಾಗಿ ಕಟ್ಟಿದಳು. ಪಟೇಲನಿಗೆ ಹೆಚ್ಚಾಯಿತು. ನನ್ನ ಹತ್ತಿರವೇ ಇಟ್ಟುಕೊಂಡೆ, ಕಡಿಮೆಯಾಯಿತು. ಮನೆಗೆ ಕಳಿಸಿದೆ, ಮತ್ತೆ ಹೆಚ್ಚಾಯಿತು. ನನ್ನ ಮನೆಯ ಗಾಳಿಯೂ ಅದೇ ಗಾಳಿ ತಾನೆ. ಅಂದರೆ ರೋಗ ಗಾಳಿಯಲ್ಲಿಲ್ಲ, ವೆಳ್ಳಕೋಯಿಲ್‌ನ ಆ ಮನೆಯೊಳಗಿದೆ, ಮುಚ್ಚಿದರೆ ಹೊರಗೆ ಹೋಗದೆ ಒಳಗೇ ನಿಲ್ಲುವಂಥದ್ದು ಏನೋ ಇದೆ.

ಫೋನಿನಲ್ಲಿ ಕೇಳಿದೆ. ಸೊಳ್ಳೆ ಬತ್ತಿ ಹಚ್ಚುತ್ತೀರಾ? ಇಲ್ಲ. ಗೋಡೆಗೆ ಬಣ್ಣ ಹೊಡೆಸಿದಿರಾ? ಇಲ್ಲ. ಯಾರಾದರೂ ಸಿಗರೇಟು? ಇಲ್ಲ. ಅಡಿಗೆಮನೆ ಆ ಕಡೆಗೆ, ಅವನ ಕೋಣೆ ಈ ಕಡೆಗೆ. ಕೊನೆಗೆ ಸೌಮ್ಯ ಹೊಟ್ಟೆಯಲ್ಲಿದ್ದದ್ದನ್ನು ಹೇಳಿದಳು.

"ಮೇಡಂ, ನಮ್ಮತ್ತೆಗೆ ಇವನನ್ನ ಕಂಡ್ರೆ ಮೊದಲಿಂದ್ಲೂ ಆಗಲ್ಲ. ನಾನು ಬಂದ ದಿನಾನೇ 'ಮಹಾಲಕ್ಷ್ಮಿ ಬರೋ ಹೊಸ್ತಿಲಿಗೆ ಓತಿಕ್ಯಾತ ಬಂತು' ಅಂದ್ರು. ನಾನು ಹಗಲೆಲ್ಲ ಮನೇಲಿರಲ್ಲ. ಅವರೇ ಏನೋ ಮಾಡ್ತಿದಾರೆ."

"ಏನು ಮಾಡ್ತಾರೆ?"

"ಗೊತ್ತಿಲ್ಲ. ಆದ್ರೆ ಇವನು ಆ ಮನೇಲಿ ಸತ್ರೆ ನಾನು ಅಲ್ಲಿರಲ್ಲ ಮೇಡಂ. ತಿರುಪ್ಪೂರಲ್ಲಿ ರೂಮು ನೋಡಿಟ್ಟಿದೀನಿ. ನಮ್ಮನೆಯವರಿಗೂ ಹೇಳಿದೀನಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಕೂಗಾಡುವವರು ಮನೆ ಬಿಡುವುದಿಲ್ಲ. ಹೀಗೆ ಮೆಲ್ಲಗೆ ಹೇಳುವವರು ಬಿಟ್ಟುಬಿಡುತ್ತಾರೆ. ಇದುವರೆಗೆ ಒಂದು ಗೋಸುಂಬೆಯ ಉಸಿರು ನನ್ನ ಕೈಯಲ್ಲಿತ್ತು. ಈಗ ಒಂದು ಸಂಸಾರವೂ ಅದಕ್ಕೆ ಜೋತು ಬಿದ್ದಿತು. ಭಾನುವಾರ ಬರುತ್ತೇನೆ, ಗೂಡಿಗೆ ಕೈ ಹಚ್ಚಬೇಡ ಎಂದೆ.

ವೆಳ್ಳಕೋಯಿಲ್‌ನ ಮನೆ ದೊಡ್ಡದು, ಚೊಕ್ಕಟವಾದದ್ದು. ಅತ್ತೆ ನಂಜಮ್ಮನವರು ಬಾಗಿಲಿಗೇ ಬಂದು ಕೈ ಹಿಡಿದು ಕರೆದುಕೊಂಡು ಹೋದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಗಟ್ಟಿ ಜೀವ, ಮೂಗಿನ ಎರಡೂ ಕಡೆ ಬೇಸರಿ. ಅವರ ತಮಿಳು ಬೆರೆತ ಕನ್ನಡ ಕೇಳಿ ನನಗೆ ನಮ್ಮವ್ವ ಮಾತಾಡಿದ ಹಾಗೆಯೇ ಆಯಿತು.

ನಾನು ನೇರ ಗೂಡಿನ ಹತ್ತಿರ ಹೋದೆ. ಪಟೇಲನನ್ನು ನೋಡಲಿಲ್ಲ, ಗೂಡು ನೋಡಿದೆ. ದಾಸವಾಳದ ಎಲೆ ಚೆನ್ನಾಗಿತ್ತು. ಬೆಳಕು ಸರಿಯಾಗಿತ್ತು. ತಲೆಯ ಮೇಲಿನ ಪ್ಲಾಸ್ಟಿಕ್ ಹಾಳೆಯ ಒಳಮೈಗೆ ಬೆರಳು ಆಡಿಸಿದೆ. ಬೆರಳಿಗೆ ಅಂಟಂಟಾದ ಕಂದು ಮಸಿ ಬಂತು. ಮೂಗಿಗೆ ಹಿಡಿದೆ.

ಸಾಂಬ್ರಾಣಿ.

ಮಂಗಳವಾರ, ಶುಕ್ರವಾರ ಸಾಂಬ್ರಾಣಿ ಹಾಕದ ಮನೆ ನಮ್ಮ ಸೀಮೆಯಲ್ಲಿಲ್ಲ. ಮನೆಯೇ ಆ ವಾಸನೆಯಲ್ಲಿ ನೆನೆದಿರುವಾಗ ಸೌಮ್ಯಳ ಮೂಗಿಗೆ ಅದು ಬೇರೆಯಾಗಿ ತಿಳಿಯುವುದಾದರೂ ಹೇಗೆ. ಆದರೆ ದೇವರ ಮನೆಯಲ್ಲಿ ಹಾಕಿದ ಹೊಗೆ ಇಷ್ಟು ದೂರ ಬಂದು ಹೀಗೆ ಮಸಿ ಕಟ್ಟುವುದಿಲ್ಲ. ಯಾರೋ ಕೆಂಡದ ಪಾತ್ರೆಯನ್ನು ಗೂಡಿನ ಬಾಯಿಗೇ ಹಿಡಿದಿದ್ದರು.

ಕೈ ತೊಳೆಯಬೇಕು ಎಂದೆ. ನಂಜಮ್ಮನವರು ಹಿತ್ತಿಲಿಗೆ ಕರೆದುಕೊಂಡು ಹೋಗಿ ನೀರು ಹಾಕಿದರು. ಅಲ್ಲಿ ಒಗೆಯುವ ಕಲ್ಲಿನ ಪಕ್ಕದಲ್ಲಿ, ಹಿಡಿಕೆಯ ಧೂಪದ ಪಾತ್ರೆ ಬೂದಿ ತುಂಬಿಕೊಂಡು ಕೂತಿತ್ತು. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ಅಕ್ಕಾ, ಪಟೇಲನಿಗೆ ಸಾಂಬ್ರಾಣಿ ಹಾಕ್ತೀರಾ?"

ಅವರ ಮುಖ ಅರಳಿತು. ಕೊನೆಗೂ ಯಾರೋ ಗಮನಿಸಿದರಲ್ಲ ಎನ್ನುವ ಹಾಗೆ.

"ಹಾಕ್ತೀನಿ ಡಾಕ್ಟ್ರಮ್ಮ, ಈ ಗಾಳಿ ಶುರುವಾದಾಗಿಂದ ದಿನಾ ಹಾಕ್ತೀನಿ. ನಾ ಹಾಕದಿದ್ರೆ ಆ ಜೀವ ಎಂದೋ ಹೋಗ್ತಿತ್ತು."

"ಯಾಕೆ ಹಾಕ್ತೀರಿ?"

"ಯಾಕಂತ ಕೇಳ್ತೀರಲ್ಲ. ಬೆಳಿಗ್ಗೆ ಎದ್ದು ಇವಳು ಅದರ ತಲೆಯಿಂದ ಕಾಲವರೆಗೂ ನೀರು ಅಡಿಸಿಬಿಟ್ಟು ಫ್ಯಾಕ್ಟ್ರಿ ವೇಲೆಗೆ ಓಡ್ತಾಳೆ. ಎಳೆ ಕೊಳಂದೆಗೆ ನೀರು ಹಾಕಿ ತಲೆ ಒಣಗಿಸದೆ ಬಿಟ್ರೆ ಸಳಿ ಹಿಡಿದು ಮೂಗು ಸುರಿಯಾದಿಲ್ವಾ? ಹೊರಗೆ ಈ ಆಡಿ ಗಾಳಿ ಬೇರೆ. ಒದ್ದೆ ಮೈಯಲ್ಲಿ ನಡುಗ್ತಾ ನಿಂತಿರ್ತದೆ, ಪಾವಂ. ನಾ ಸುಮ್ಮನೆ ನೋಡ್ತಾ ಇರಕಾಗ್ತದಾ?"

ನಡುಗುವುದಲ್ಲ ಅದು. ಗೋಸುಂಬೆ ಕಾಲು ಮುಂದಿಡುವ ಮುಂಚೆ ಗಾಳಿಗೆ ಎಲೆ ಆಡುವ ಹಾಗೆ ಮೈ ತೂಗುತ್ತದೆ, ಅದರ ಹುಟ್ಟುಗುಣ. ಆದರೆ ಎಳೆಗೂಸುಗಳನ್ನು ಎರೆದು, ತಲೆಗೆ ಸಾಂಬ್ರಾಣಿ ಹೊಗೆ ಹಿಡಿದು ಒಣಗಿಸಿ ಬೆಳೆಸಿದ ಹೆಂಗಸಿಗೆ ಅದು ಇನ್ನೇನಾಗಿ ಕಾಣಬೇಕು? ಸೊಸೆ ಸಿಂಪಡಿಸಿದ್ದು ಕುಡಿಯುವ ನೀರು. ಅತ್ತೆಯ ಕಣ್ಣಿಗೆ ಅದು ತಲೆಸ್ನಾನ.

"ನಿಮಗೆ ಅದನ್ನ ಕಂಡ್ರೆ ಆಗಲ್ಲ ಅಂತ ಕೇಳಿದ್ದೆ."

"ಮೊದ್ಲು ಭಯ ಇತ್ತು, ಇಲ್ಲ ಅನ್ನಲ್ಲ. ಒಂದು ದಿನ ಆ ದಾಸವಾಳದಲ್ಲಿ ಹೂ ಬಿಟ್ಟಿತ್ತು, ಕಿತ್ಕೊಳ್ಳಕೆ ಹೋದೆ. ಒಂದು ಕಣ್ಣಲ್ಲಿ ನನ್ನ ನೋಡ್ತು, ಇನ್ನೊಂದು ಕಣ್ಣಲ್ಲಿ ಬಾಗಿಲು ನೋಡ್ತು. ನಾನೂ ಹಂಗೇ ತಾನೆ, ಒಂದು ಕಣ್ಣು ಒಲೆ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ, ಯಾರು ಯಾವಾಗ ಬರ್ತಾರೋ ಅಂತ. ಅವತ್ತಿಂದ ಭಯ ಹೋಯ್ತು." ಪಾತ್ರೆಯನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿದರು. "ಮೂರೂ ಗಂಡೇ ಹೆತ್ತೆ ಡಾಕ್ಟ್ರಮ್ಮ. ಸಾಂಬ್ರಾಣಿ ಹಿಡಿಯಕೆ ಒಂದು ಹೆಣ್ಣು ತಲೆ ಸಿಗಲಿಲ್ಲ. ಇವಳು ಬಂದ್ಲು, ಇವಳ ತಲೆಗೆ ಕೂದಲು ಒಣಗಿಸೋ ಮಿಷಿನ್ನು. ಗರ್ ಅಂತದೆ, ಮುಗೀತು. ಈ ಮನೇಲಿ ಒದ್ದೆ ತಲೆ ಅಂತ ಇದ್ದದ್ದು ಅದರದೊಂದೇ."

ಇಂಥವರಿಗೆ ಹೇಗೆ ಹೇಳುವುದು? ಈ ಕೆಲಸದಲ್ಲಿ ಕೆಟ್ಟ ಸುದ್ದಿ ಹೇಳುವುದು ನನಗೆ ಹೊಸದಲ್ಲ. ಸತ್ತ ಎತ್ತಿನ ಮುಂದೆ ನಿಂತು ಹೇಳಿದ್ದೇನೆ. ಆದರೂ ಆ ಹಿತ್ತಿಲಲ್ಲಿ ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದೆ. ಆದದ್ದಾಗಲಿ ಎಂದು ಹೇಳಿಯೇಬಿಟ್ಟೆ.

"ಅಕ್ಕಾ, ಅದಕ್ಕೆ ಉಬ್ಬಸ ಬಂದದ್ದೇ ಆ ಹೊಗೆಯಿಂದ. ಅದರ ಎದೆಗೂಡು ನಮ್ಮ ಹೆಬ್ಬೆರಳಿನಷ್ಟೂ ಇಲ್ಲ. ತಡ್ಕೊಳ್ಳಲ್ಲ."

ನಂಜಮ್ಮನವರು ಒಗೆಯುವ ಕಲ್ಲಿನ ಮೇಲೆ ಕೂತರು. ಧೂಪದ ಪಾತ್ರೆಯನ್ನು ನೋಡಿ ಕೇಳಿದರು, "ನಾನಾ ಅದನ್ನ ಕೊಲ್ತಾ ಇದ್ದದ್ದು?"

"ಗೊತ್ತಿಲ್ಲದೆ."

"ಅವಳಿಗೆ ಹೇಳ್ಬೇಡಿ. ನಾನು ಇನ್ನು ಅದರ ಹತ್ರ ಹೋಗಲ್ಲ. ಅಷ್ಟು ಸಾಲದಾ?"

ಸಾಲದು. ಮಕ್ಕಳೇ, ಇಲ್ಲಿ ನನ್ನ ಮಾತು ಗಮನವಿಟ್ಟು ಕೇಳಿ. ಮಾಲೀಕರ ಮೇಲೆ ಎಷ್ಟೇ ಮರುಕ ಬರಲಿ, ರೋಗದ ಕಾರಣವನ್ನು ಮುಚ್ಚಿಡಬೇಡಿ. ಪಟೇಲ ಸುಮ್ಮನೆ ಹುಷಾರಾಗಿಬಿಟ್ಟರೆ ಸೌಮ್ಯಳ ಸಂಶಯ ಹಾಗೇ ಉಳಿಯುತ್ತದೆ. ಅತ್ತೆ ಏನೋ ಮಾಡುತ್ತಿದ್ದರು, ಡಾಕ್ಟರು ಬಂದದ್ದಕ್ಕೆ ನಿಲ್ಲಿಸಿದರು ಎಂದುಕೊಳ್ಳುತ್ತಾಳೆ. ಅರ್ಧ ಗೊತ್ತಾದ ಸತ್ಯ ಪೂರ್ತಿ ಗೊತ್ತಾದದ್ದಕ್ಕಿಂತ ಕೆಟ್ಟದ್ದು.

"ನಾನು ಹೇಳಲ್ಲ. ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿರ್ತೀನಿ" ಎಂದೆ.

ಒಳಗೆ ಬಂದು ನಂಜಮ್ಮನವರು ಸೊಸೆಯ ಎದುರಿಗೆ ನಿಂತು ಎಲ್ಲವನ್ನೂ ಹೇಳಿದರು. ಕೆಂಡ, ಸಾಂಬ್ರಾಣಿ, ಒದ್ದೆ ತಲೆ, ಆಡಿ ಗಾಳಿ. ಸೌಮ್ಯ ಅತ್ತೆಯ ಮುಖ ನೋಡದೆ ನನ್ನ ಕಡೆ ತಿರುಗಿದಳು.

"ನಾನು ಹೇಳಿರ್ಲಿಲ್ವಾ ಮೇಡಂ?"

ನನಗೆ ಸಿಟ್ಟು ಬಂತು. "ನೀನು ಹೇಳಿದ್ದು ಅವರಿಗೆ ಅದನ್ನ ಕಂಡ್ರೆ ಆಗಲ್ಲ ಅಂತ. ಅದು ಸುಳ್ಳಾಯ್ತಲ್ಲ. ಆಗದವರು ದಿನಾ ಕೆಂಡ ಊದಿಕೊಂಡು ಅದರ ಮುಂದೆ ಕೂರ್ತಾರೇನಮ್ಮ?"

"ಮನಸ್ಸಲ್ಲಿ ಏನಾದ್ರೂ ಇರ್ಲಿ ಮೇಡಂ, ಸಾಯೋನು ಇವನು ತಾನೆ" ಎಂದಳು. ಕಣ್ಣು ತುಂಬಿತ್ತು. "ಅತ್ತೆ, ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ."

"ಯಾವಾಗ ಕೇಳೋದು ನನ್ ಕಣ್ಣು? ನೀ ಆರೂವರೆ ಫ್ಯಾಕ್ಟ್ರಿ ವಂಡಿ ಹಿಡಿಯಕೆ ಓಡ್ತೀಯೆ. ಬರೋವಾಗ ಕತ್ತಲಾಗಿರ್ತದೆ" ಎಂದರು ನಂಜಮ್ಮನವರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ.

ಇಬ್ಬರದೂ ಸರಿ. ಇಬ್ಬರದೂ ಸರಿಯಾಗಿದ್ದಾಗ ನಡುವೆ ನಿಂತವರು ಬಾಯಿ ಮುಚ್ಚಿಕೊಳ್ಳಬೇಕು, ನಾನು ಮುಚ್ಚಿಕೊಂಡೆ. ಪಟೇಲನನ್ನು ಗೂಡಿನ ಸಮೇತ ಸೂಲೂರಿಗೆ ತಂದೆ. ಪ್ಲಾಸ್ಟಿಕ್ ಹಾಳೆಯನ್ನು ಅಲ್ಲೇ ಕಿತ್ತು ಬಿಸಾಡಿದೆ.

ಈ ಸಲ ಅವನು ಬೇಗ ಚೇತರಿಸಿಕೊಳ್ಳಲಿಲ್ಲ. ಕಫ ಒಳಗೆ ಗಟ್ಟಿಯಾಗಿತ್ತು. ಇಂಜೆಕ್ಷನ್ನು, ಬೆಳಗಿನ ಬಿಸಿಲು, ತುಂತುರು ನೀರು, ಎಲ್ಲ ಆಯಿತು. ಹುಳು ಮುಂದಿಟ್ಟರೆ ಒಂದು ಕಣ್ಣು ತಿರುಗಿಸಿ ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿದ್ದ. ಹಗಲು ಹೊತ್ತಿನಲ್ಲಿ ಗೋಸುಂಬೆ ಕಣ್ಣು ಮುಚ್ಚಿದರೆ ಅದು ನಿದ್ದೆ ಅಲ್ಲ, ಕೆಟ್ಟ ಸೂಚನೆ. ತಕ್ಕಡಿಯ ಅಂಕಿ ದಿನವೂ ಇಳಿಯಿತು. ಸಂಜೆ ಸೌಮ್ಯ ಫೋನ್ ಮಾಡುತ್ತಿದ್ದಳು. ಮಧ್ಯಾಹ್ನ, ಸೊಸೆಗೆ ಗೊತ್ತಾಗದ ಹೊತ್ತಿನಲ್ಲಿ, ನಂಜಮ್ಮನವರು.

"ತಿಂದನಾ?"

"ಇಲ್ಲ ಅಕ್ಕಾ."

"ನೀರಾದ್ರೂ ಕುಡಿದನಾ? ಲೋಟದಲ್ಲಿಟ್ಟು ನೋಡಿ."

"ಅದು ಲೋಟದಲ್ಲಿ ಕುಡಿಯಲ್ಲಕ್ಕಾ. ಎಲೆ ಮೇಲೆ ಹನಿ ಹನಿಯಾಗಿ ಬೀಳ್ಬೇಕು. ತುಂತುರು ಹೊಡೀತೀನಿ, ಬೇಗ ಆರಿಹೋಗ್ತದೆ."

"ಹನಿ ಹನಿ ಅಂದ್ರೆ, ಲಿಂಗದ ಮೇಲೆ ಬೀಳ್ತದಲ್ಲ, ಆ ತರನಾ?"

"ಆ ತರಾನೇ" ಎಂದೆ ನಾನು, ಹೆಚ್ಚು ಯೋಚಿಸದೆ.

ಮಾರನೆಯ ದಿನ ಮಧ್ಯಾಹ್ನ ಅವರು ನನ್ನ ಬಾಗಿಲಲ್ಲಿ ನಿಂತಿದ್ದರು. ಬೆವರಿ ಒದ್ದೆಯಾಗಿದ್ದರು. ಕೈಚೀಲದಿಂದ ತೆಗೆದದ್ದು ತಳದಲ್ಲಿ ಸಣ್ಣ ತೂತಿರುವ ತಾಮ್ರದ ಧಾರಾಪಾತ್ರೆ, ಸರಪಳಿಯ ಸಮೇತ. ನಿಮ್ಮ ದೇವರ ಮನೆಯದಲ್ಲವೇ ಎಂದು ಕೇಳಿದೆ.

"ದೇವ್ರಿಗೆ ಅಂಗಡೀಲಿ ಬೇರೆ ವಾಂಗಿದ್ರಾಯ್ತು. ಅವನಿಗೇನು ಸಳಿ ಹಿಡಿದಿಲ್ಲ" ಎಂದರು.

ಗೂಡಿನ ಮೇಲೆ ಅವರೇ ಕೈಯಾರ ಕಟ್ಟಿದರು. ತೂತಿಗೆ ದರ್ಭೆಯ ಎಳೆ ಸಿಕ್ಕಿಸಿ ಹನಿಯ ವೇಗ ಸರಿ ಮಾಡಿದರು. ದಾಸವಾಳದ ಎಲೆಯ ಮೇಲೆ ಹನಿ ಬಿದ್ದು, ಜಾರಿ, ಕೆಳಗಿನ ಎಲೆಗೆ ಇಳಿಯಿತು. ನಾನು ಪೀಠಿಕೆ ಹಾಕುತ್ತಿದ್ದೆ, ಹುಷಾರಿಲ್ಲದ ಜೀವ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು. ಅವರು ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದರು.

ಪಟೇಲನ ಒಂದು ಕಣ್ಣು ತೆರೆದಿತ್ತು. ಅದು ಹನಿಯ ಜೊತೆಗೇ ಮೇಲಿನಿಂದ ಕೆಳಗೆ ಇಳಿಯಿತು, ಮತ್ತೆ ಮೇಲೆ ಹೋಯಿತು. ಎರಡನೆಯ ಕಣ್ಣೂ ತೆರೆಯಿತು. ಮುಂದಿನ ಕಾಲೆತ್ತಿದ, ಮೈ ತೂಗಿದ, ಇಡಲೋ ಬೇಡವೋ ಎಂದು ಯೋಚಿಸಿದ, ಇಟ್ಟ. ಎಲೆಯ ತುದಿಗೆ ಬಾಯಿ ಒಡ್ಡಿದ. ಗದ್ದ ಮೇಲೆ ಕೆಳಗೆ ಆಡತೊಡಗಿತು. ನಂಜಮ್ಮನವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನೋಡುತ್ತಿದ್ದರು.

ನಾನು ಹಿಂದೆ ತಿರುಗಿದಾಗ ಸೌಮ್ಯ ಬಾಗಿಲಲ್ಲಿದ್ದಳು. ಯಾವಾಗ ಬಂದಳೋ. ಕಾರ್ಖಾನೆಯಿಂದ ಬೇಗ ಹೊರಟು ಬಂದಿದ್ದಳು. ಕೈಯಲ್ಲಿ ಹೊಸ ಬೀಗದ ಕೈ ಇತ್ತು, ತಿರುಪ್ಪೂರಿನ ರೂಮಿನದು. ಹುಷಾರಾದ ಮೇಲೆ ಪಟೇಲನನ್ನು ಎಲ್ಲಿಗೆ ಕರೆದೊಯ್ಯುತ್ತಾಳೆಂದು ಹೇಳಲು ಬಂದವಳಿರಬೇಕು. ಆದರೆ ಅದನ್ನು ಹೇಳಲಿಲ್ಲ. ಅವನು ಕುಡಿದು ಮುಗಿಸುವ ತನಕ ಅಲ್ಲೇ ನಿಂತಿದ್ದಳು.

"ಅತ್ತೆ, ಹೆಂಗೆ ಬಂದ್ರಿ ಇಷ್ಟು ದೂರ?"

"ಬಸ್ಸಲ್ಲಿ. ಕಾಂಗೇಯದಲ್ಲಿ ಒಂದು, ಪಲ್ಲಡದಲ್ಲಿ ಒಂದು ಇಳಿದು ಮಾರಿ ಹತ್ತಿದೆ."

"ಊಟ ಮಾಡಿದ್ರಾ?"

"ಇನ್ನೂ ಇಲ್ಲ."

ಬೀಗದ ಕೈಯನ್ನು ಅವಳು ಬ್ಯಾಗಿಗೆ ಹಾಕಿಕೊಂಡಳು. ನಮ್ಮ ಮನೆಯಲ್ಲಿ ಸಾರು ಅನ್ನ ಇತ್ತು, ಇಬ್ಬರಿಗೂ ಬಡಿಸಿದೆ. ಊಟದ ಉದ್ದಕ್ಕೂ ಇಬ್ಬರೂ ಮಾತಾಡಿದ್ದು ಪಟೇಲನ ವಿಷಯ ಮಾತ್ರ. ಕೂಡಿ ಬಸ್ಸು ಹತ್ತಿದರು. ಆ ರೂಮು ಏನಾಯಿತೆಂದು ನಾನು ಕೇಳಲಿಲ್ಲ. ಉಬ್ಬಸ ಪೂರ್ತಿ ಇಳಿದ ಮೇಲೆ ಪಟೇಲ ವೆಳ್ಳಕೋಯಿಲ್‌ಗೇ ಹೋದ.

ಹಾಗಾದರೆ ನೀವು ಕಲಿಯಬೇಕಾದದ್ದು ಏನು? ಗೂಡಿನ ಹತ್ತಿರ ಯಾವ ಹೊಗೆಯೂ ಬೇಡ, ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ, ಯಾವುದೂ. ನೀರು ಹನಿಯಾಗಿ ಬೀಳಲಿ. ಗಾಳಿ ಆಡಲಿ. ಇವೆಲ್ಲ ಈಗ ಯಾವ ಪುಸ್ತಕದಲ್ಲಾದರೂ ಸಿಗುತ್ತವೆ. ಪುಸ್ತಕದಲ್ಲಿ ಇಲ್ಲದ್ದು ಒಂದಿದೆ: ಮನೆಯಲ್ಲಿ ಆ ಪ್ರಾಣಿಯನ್ನು ಯಾರು ದ್ವೇಷಿಸುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿ ಹೊರಡಬೇಡಿ. ಯಾರು ಅದನ್ನು ಅತಿಯಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಹುಡುಕಿ. ನನ್ನ ಅನುಭವದಲ್ಲಿ ಬೋನಿನ ಪ್ರಾಣಿಗಳು ಹಗೆಯಿಂದ ಸಾಯುವುದು ಕಡಿಮೆ.

ಚಿಕಿತ್ಸಾಲಯ ಮುಚ್ಚುವ ಮುಂಚೆ ನಾನು ಕೊನೆಯದಾಗಿ ನೋಡಿದವರಲ್ಲಿ ಪಟೇಲನೂ ಒಬ್ಬ. ದೀಪಾವಳಿ ಕಳೆದಿತ್ತು, ಗಾಳಿ ನಿಂತಿತ್ತು. ಸೌಮ್ಯ ಬುಟ್ಟಿ ತಂದು ಮೇಜಿನ ಮೇಲಿಟ್ಟಳು. ಅವನು ತೂಕ ಹೆಚ್ಚಿಸಿಕೊಂಡು, ಬಾಳೆಯ ಸುಳಿಯ ಬಣ್ಣಕ್ಕೆ ತಿರುಗಿ, ಪೇಟ ಎತ್ತಿಕೊಂಡು ಕೂತಿದ್ದ. ಎದೆಗೆ ಕಿವಿಯಿಡಲೆಂದು ನಾನು ಬಗ್ಗಿದೆ. ಮೂಗಿಗೆ ಗಪ್ಪನೆ ಹೊಡೆಯಿತು. ಸಾಂಬ್ರಾಣಿ. ತಪ್ಪುವ ಮಾತೇ ಇಲ್ಲ.

ನನ್ನ ತಲೆ ಕೆಟ್ಟುಹೋಯಿತು. "ಮತ್ತೆ ಶುರು ಮಾಡಿದ್ರಾ? ನಾನೇನು ಗೋಡೆಗೆ ಹೇಳಿದ್ನಾ? ಇವನ ಪ್ರಾಣ ತೆಗೀಬೇಕು ಅಂತಾನೇ ಕೂತಿದೀರಾ ಅತ್ತೆ ಸೊಸೆ?" ಎಂದು ಒಂದೇ ಸಮನೆ ಬೈದೆ.

ಸೌಮ್ಯ ನಾನು ಬೈದು ಮುಗಿಸುವ ತನಕ ಕಾದಳು. ಆಮೇಲೆ ತಲೆ ಬಗ್ಗಿಸಿ, ಬಿಚ್ಚಿದ ಕೂದಲನ್ನು ನನ್ನ ಮೂಗಿನ ಹತ್ತಿರ ತಂದಳು.

"ಅವನಿಗಲ್ಲ ಮೇಡಂ" ಎಂದಳು. "ನಂಗೆ. ಹಿತ್ಲಲ್ಲಿ, ಬಾಗಿಲು ಹಾಕ್ಕೊಂಡು."